ಮೂವತ್ತು ಪರ್ಸೆಂಟಿನ ಬಿಸಿಲು

ರುವಿಯ ಈ ಕೋಣೆಗೆ ಕಿಟಕಿ ಒಂದೇ,
ಧೂಳಿಗೆ ಹೆದರಿ ಅದಕ್ಕೂ ಯಾರೋ ಟೇಪು ಅಂಟಿಸಿದ್ದಾರೆ.
ಹೊರಗೆ ನಲವತ್ತೇಳು ಡಿಗ್ರಿ. ಹಾಲ್‌ನ ಬಾಲ್ಕನಿಯಲ್ಲಿ
ಒಂದು ಬನಿಯನ್ ಒಣಹಾಕಿದರೂ
ವಾಚ್‌ಮನ್ ಮೇಲೆ ಬಂದು ಬೆಲ್ಲು ಒತ್ತುತ್ತಾನೆ.
ಇಷ್ಟು ಬಿಸಿಲಿನ ಊರಲ್ಲಿ
ನನ್ನ ಹಾಗಲಕಾಯಿಗೆ ಬಿಸಿಲಿಲ್ಲ.

ಗುರುವಾರ ರಾತ್ರಿ ತರಕಾರಿ ಅಂಗಡಿಯ ಅಡಿ ಪೆಟ್ಟಿಗೆ
ನನ್ನ ಪಾಲಿಗೆ: ಮೂತಿ ಜಜ್ಜಿದ ಟೊಮೆಟೊ,
ಯಾರೂ ಆರಿಸದ ಗಿಡ್ಡ ನಿಂಬೆ,
ಹಳದಿಗೆ ತಿರುಗುತ್ತಿರುವ ಹಾಗಲ.
ಬೆಳಗಾದರೆ ಕೊಳೆಯುವಂಥವು.
ಎಸೆಯಲು ಕೈ ಏಳುವುದಿಲ್ಲ,
ಎಂಟು ವರ್ಷ ಗ್ರಾಂ ಗ್ರಾಂ ಲೆಕ್ಕ ಹಾಕಿದ ಕೈ.

ಮೈಕ್ರೋವೇವು ನಮ್ಮದಲ್ಲ. ಹಿಂದಿದ್ದ ಫಿಲಿಪಿನೋ ದಂಪತಿ
ಬಿಟ್ಟುಹೋದದ್ದು. ಗಾಜಿನ ತಟ್ಟೆಗೆ ಬಿರುಕು,
ಸೊನ್ನೆ ಒತ್ತಿದರೆ ಎಂಟು ಬೀಳುತ್ತದೆ.
ಅದರಲ್ಲೇ ಕಲಿತೆ: ತೆಳ್ಳಗೆ ಹೆಚ್ಚು, ಉಪ್ಪು ಸವರು,
ಟಿಶ್ಯೂ ಹಾಸಿ ಒಂದಕ್ಕೊಂದು ತಾಗದ ಹಾಗೆ ಇಡು,
ಮೂವತ್ತು ಪರ್ಸೆಂಟು, ಮೂರು ನಿಮಿಷ.
ತೆಗೆ. ಬೆವರು ಒರೆಸು. ಮಗುಚು.
ಆರಲಿ. ಮತ್ತೆ ಮೂರು.

ಮೊದಲ ಸಲ ಪವರ್ ಪೂರ್ತಿ ಕೊಟ್ಟಿದ್ದೆ.
ಒಳಗೆ ಸುಟ್ಟು ಕರಕಲು,
ಹೊರಗೆ ಮಾತ್ರ ಹಸಿರು ಹಸಿರೇ.
ಊರಿಗೆ ಫೋನು ಮಾಡುವಾಗಿನ ನನ್ನ ಹಾಗೆ
ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ.
ಅದು ಬರೀ ಹಾಗಲಕಾಯಿ.

ಇದಿನಬ್ಬ ಸಾರುವೆ ಕಟ್ಟುವವ.
ಬೇಸಗೆಯ ಕಾನೂನಿಗೆ ಹನ್ನೆರಡೂವರೆಗೆ ಕೆಲಸ ನಿಂತು
ಕೋಣೆಗೆ ಬಂದವ ಟಿಣ್ ಕೇಳಿ ನಕ್ಕ:
“ಬಿಸಿಲಿಗೂ ಕರೆಂಟು ಬಿಲ್ಲು ಕಟ್ತೀಯಾ ಮಾರಾಯ?
ನನ್ನ ಕೈಲಿ ಕೊಡು. ಒಂಬತ್ತನೇ ಮಾಳಿಗೆಯಲ್ಲಿ
ಧರ್ಮಕ್ಕೆ ಸಿಗ್ತದೆ.”

ಕೊಟ್ಟೆ. ಹಳೇ ಲುಂಗಿಯ ತುಂಡಲ್ಲಿ ಅರ್ಧ ಕಿಲೋ ಹೋಳು.
ಮರುದಿನ ಸಂಜೆ ತಂದ, ಮುರಿದರೆ ಕಟುಂ ಎನ್ನುವ ಬಾಳಕ.
ಹುರಿದು, ಮಜ್ಜಿಗೆ ಅನ್ನದ ಮುಂದೆ ಕೂತೆವು, ಐದು ಜನ.
ಮೊದಲ ತುತ್ತಿಗೇ ಎಲ್ಲರ ಹಲ್ಲಲ್ಲೂ ಕರಕರ.
ಸಿಮೆಂಟು.
ಯಾರೂ ಉಗುಳಲಿಲ್ಲ. ಇದಿನಬ್ಬ ನೋಡುತ್ತಿದ್ದ.
“ಉಪ್ಪು ಚೂರು ಮುಂದಾತು” ಎಂದ ಬೀದರಿನ ಮಸ್ತಾನಪ್ಪ,
ಇನ್ನೆರಡು ಹಾಕಿಸಿಕೊಂಡ.

ಈಗ ಕಪಾಟಿನಲ್ಲಿ ಎರಡು ಡಬ್ಬಿ.
ಒಂದರ ಮೇಲೆ ಏನೂ ಇಲ್ಲ.
ಇನ್ನೊಂದರ ಮೇಲೆ ಇದಿನಬ್ಬನದೇ ಅಕ್ಷರ: ಒರಿಜಿನಲ್.
ಅವನು ಸ್ನಾನಕ್ಕೆ ಹೋದಾಗ
ಆ ಹೋಳುಗಳನ್ನು ನಲ್ಲಿಗೆ ಹಿಡಿದು ತೊಳೆಯುತ್ತೇನೆ,
ಮತ್ತೆ ಮೂವತ್ತು ಪರ್ಸೆಂಟು, ಮೂರು ನಿಮಿಷ,
ಟಿಣ್ ಎನ್ನುವ ಮೊದಲೇ
ಬಾಗಿಲು ತೆಗೆದುಬಿಡುತ್ತೇನೆ.