ಕೊನೆಯ ಹಾಳೆ

ಗದಗ ಬಿಟ್ಟ ರೈಲು ಹುಲಕೋಟಿ ದಾಟುವುದರೊಳಗೆ
ಮೊದಲ ಹೆಣ ಬಿದ್ದಿರುತ್ತದೆ.
ಅಣ್ಣಿಗೇರಿಗೆ ವಕೀಲ ಬರುತ್ತಾನೆ,
ಕರಿ ಕೋಟಿನ ಮೇಲೆ ಒಂದು ಸುಕ್ಕಿಲ್ಲ,
ಸಿಗರೇಟಿನ ಬೂದಿ ಕೂಡ ಅವನ ಮಾತು ಕೇಳುತ್ತದೆ.
ಕುಸುಗಲ್ಲಿನ ಹೊತ್ತಿಗೆ ಅವನ ಮೇಲೆ ಯಾರೋ ಗುಂಡು ಹಾರಿಸುತ್ತಾರೆ,
ತಾಗಿತೋ ಇಲ್ಲವೋ ನೋಡುವಷ್ಟರಲ್ಲಿ
ಹುಬ್ಬಳ್ಳಿ. ನಾನು ಗಾಡಿ ಬದಲಿಸಬೇಕು.

ದಿನಕ್ಕೆರಡು ರೂಪಾಯಿ ಬಾಡಿಗೆಯ ಪುಸ್ತಕ ಇವು.
ಧಾರವಾಡದ ಪೀಠಕ್ಕೆ ಜಾಮೀನು ಕೇಳಲು ಹೋಗುವ ದಿನ
ಕೇಸಿನ ಫೈಲಿನಡಿ ಇಟ್ಟುಕೊಂಡು ಓದುತ್ತೇನೆ,
ಮಿಠಾಯಿ ಅಂಗಡಿಯವನು ಕದ್ದು ಮಿಠಾಯಿ ತಿಂದಂತೆ.

ನನ್ನ ಮೇಲೆ ಯಾರೂ ಗುಂಡು ಹಾರಿಸಿಲ್ಲ.
ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆ, ಯಾರದೋ ತಾಯಿ
ಕೋರ್ಟಿನ ಮೆಟ್ಟಿಲ ಮೇಲೆ ಮಣ್ಣು ತೂರಿದಳು.
ಗಾಳಿ ಅವಳ ಕಡೆಗೇ ಬೀಸುತ್ತಿತ್ತು.

ಯಮನಪ್ಪನ ಕೇಸು ಹಿಡಿದಾಗ ಬಾರ್ ರೂಮಿನಲ್ಲಿ ನಕ್ಕರು:
'ಹೆಸರಿನಾಗ ಕಬೂಲ್ ಆಗ್ಯಾನ, ನೀವೇನ್ ವಾದಾ ಮಾಡ್ತೀರಿ?'
ಬೆಟಗೇರಿಯ ಮಗ್ಗದವನು.
ಪಾಲುದಾರ ತುಳಜಣಸಾ ಬಣ್ಣದ ಬಾನಿಯ ಪಕ್ಕ ಬಿದ್ದಿದ್ದ.
ರಕ್ತ ಯಾವುದು, ನೂಲಿನ ಕೆಂಪು ಯಾವುದು
ಫೋಟೊದಲ್ಲಿ ತಿಳಿಯದು,
ನನಗೆ ಕೊಟ್ಟದ್ದು ಜೆರಾಕ್ಸು.
ಯಮನಪ್ಪನ ಮನೆಯ ಮಾಡದಿಂದ ಕಬ್ಬಿಣದ ಸರಳು ಜಪ್ತಿ
ಎಂದು ಪಂಚನಾಮೆ.

ಕಾದಂಬರಿಯ ವಕೀಲ ಇಂಥಲ್ಲಿ ನಡುರಾತ್ರಿ ಗೋಡೆ ಹಾರುತ್ತಾನೆ.
ನಾನು ಹೆಸ್ಕಾಂ ಕಚೇರಿಯ ಬೆಂಚಿನ ಮೇಲೆ ಮೂರು ದಿನ ಕೂತೆ
ಒಂದು ರಿಜಿಸ್ಟರಿನ ಒಂದು ಸಾಲಿನ ನಕಲಿಗೆ.

'ಪಂಚನಾಮೆ ಎಷ್ಟಕ್ಕ ಬರದ್ರಿ?'
'ಸಂಜಿ ಏಳೂವರಿಗೆ ರೀ.'
'ಬೆಳಕು?'
'ಟ್ಯೂಬ್‌ಲೈಟ್ ಹತ್ತಿತ್ರೀ, ಅದರ ಬೆಳಕಿನಾಗ ಬರದ್ವಿ.'
ಆ ಸಂಜೆ ಆರರಿಂದ ಒಂಬತ್ತು, ಬೆಟಗೇರಿಯಲ್ಲಿ ಕರೆಂಟಿರಲಿಲ್ಲ.
ಹವಾಲ್ದಾರನ ಕಂಕುಳಿನ ಟೊಪ್ಪಿಗೆ ಜಾರಿತು.
ಇಷ್ಟೇ.
ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಸ್ಟೆನೊ ಆಕಳಿಸಿದಳು.
ಚಹಾದಂಗಡಿಯಲ್ಲಿ ಖಾಲಿ ಹಾಳೆಗೆ ಸಹಿ ಹಾಕಿದ್ದನ್ನು
ಪಂಚರಿಬ್ಬರೂ ತಾವಾಗಿಯೇ ಹೇಳಿದರು,
ಚಹಾದ ದುಡ್ಡು ಪೊಲೀಸರು ಕೊಡಲಿಲ್ಲವೆಂಬ ಸಿಟ್ಟಿಗೆ.

ಸಂಶಯದ ಲಾಭ ಕೊಟ್ಟು ಬಿಡುಗಡೆ.
ಲಾಭ ಎಂಬುದನ್ನು ನಾನು ಮೊದಲು ಓದಿದ್ದು
ಕಿರಾಣಿ ಅಂಗಡಿಯ ಗೋಡೆಯ ಮೇಲೆ, ಶುಭದ ಪಕ್ಕ.

ಯಮನಪ್ಪ ಕಟಕಟೆಯಿಂದ ಇಳಿದು ಕಾಲು ಮುಟ್ಟಲು ಬಂದ.
'ಬಾಯಾರ, ನಾಕು ವರ್ಷಾತು,
ಒಂದಿನಾನೂ ಕೇಳಲಿಲ್ಲಲ್ಲ ನೀವು, ಮಾಡೀಯೋ ಇಲ್ಲೋ ಅಂತ.'
ಕೇಳಿದ್ದರೆ ಹೇಳಿಬಿಡುತ್ತಿದ್ದ, ಮುಖ ಹಾಗಿತ್ತು.
ಏನೆಂದು ಹೇಳುತ್ತಿದ್ದ ಎಂಬುದು ಮಾತ್ರ ಮುಖದಲ್ಲಿರಲಿಲ್ಲ.
'ಬಸ್ಸಿಗೆ ಹೊತ್ತಾತು, ನಡಿ' ಅಂದೆ.
ಹದಿನೈದು ದಿನ ಬಿಟ್ಟು ಫೀಸಿನ ಬಾಕಿಗೆಂದು ಸೀರೆ ಕಳಿಸಿದ.
ಕೆಂಪು ಸೆರಗು. ಇನ್ನೂ ಘಳಿಗೆ ಮುರಿದಿಲ್ಲ.

ಅಂಬೂಬಾಯಿಯ ಬಗ್ಗೆ ಹೇಳಲೇ ಇಲ್ಲ.
ತುಳಜಣಸಾನ ಹೆಂಡತಿ. ಪ್ರತಿ ತಾರೀಖಿಗೂ ಬರುತ್ತಿದ್ದಳು,
ಬೇವಿನ ಕೆಳಗೆ ಸ್ಟೀಲ್ ಡಬ್ಬಿ ಬಿಚ್ಚುತ್ತಿದ್ದಳು,
ಒಮ್ಮೆ ನನಗೂ ಚಪಾತಿ ಚಾಚಿದಳು,
ನಾನು ಯಾರ ಕಡೆಯವಳೆಂದು ತಿಳಿಯದೆ,
ಅಥವಾ ತಿಳಿದೇ.
ತೀರ್ಪಿನ ದಿನ ಅವಳು ಕೂಗಲಿಲ್ಲ, ಮಣ್ಣು ತೂರಲಿಲ್ಲ.
ಗೇಟಿನ ಬಳಿ ನಿಂತು
ಬಸ್ಸು ಎಷ್ಟಕ್ಕೆ ಎಂದು ಕೇಳುವ ದನಿಯಲ್ಲಿ ಕೇಳಿದಳು:
'ಹಂಗಾರ ಯಾರ್ ರೀ?'

ಬಾಡಿಗೆಯ ಈ ಪುಸ್ತಕದಲ್ಲಿ ಕೊನೆಯ ಹಾಳೆ ಹರಿದಿದೆ.
ಅಂಗಡಿಯವನು ಬೆರಳಿಗೆ ಉಗುಳು ಹಚ್ಚಿ ಎಣಿಸುತ್ತಾನೆ,
ದಂಡ ಹಾಕಬೇಕೋ ಬೇಡವೋ ಎಂದು ಗೊಣಗುತ್ತಾನೆ.
'ನಾ ಹರದಿಲ್ಲ' ಅನ್ನುತ್ತೇನೆ.
ನನ್ನ ಮುಖ ನೋಡುತ್ತಾನೆ, ಪುಸ್ತಕ ನೋಡುತ್ತಾನೆ,
ನೋಡಿದವರು ಯಾರೂ ಇಲ್ಲ.
ಮತ್ತೊಂದು ಕೊಡುತ್ತಾನೆ.