ಒಂದು ಮಾತ್ರೆ ಹೆಚ್ಚು

ಅವಳ ಹೆಸರನ್ನು ಕನ್ನಡದಲ್ಲಿ ಬರೆಯಲು ನನಗೆ ಅಳುಕು.
ಕಿವಿಗೆ ಬಿದ್ದಂತೆ ಬರೆದರೆ ಕೊರತೆ ಎಂದಾಗುತ್ತದೆ.
ಅದಕ್ಕೇ ಕೊನೆಗೊಂದು ದೀರ್ಘ ಕೊಟ್ಟಿದ್ದೇನೆ: ಊನಾ.
ಒಂದು ಮಾತ್ರೆ ಹೆಚ್ಚು, ಅಷ್ಟೇ.
ಡಾಕ್ಟರು ಬರೆದುಕೊಡುವ ಮಾತ್ರೆಯಲ್ಲ,
ನಾಲಗೆ ಇನ್ನಷ್ಟು ಹೊತ್ತು ನಿಲ್ಲುವ ಮಾತ್ರೆ.

ಊನಾ ಮ್ಯಾಕ್‌ಹೇಲ್, ಗಾಲ್ವೇ, ಪಿಎಚ್‌ಡಿ ನಾಲ್ಕನೆಯ ವರ್ಷ.
ಜೌಗುನೆಲಕ್ಕೆ ಕೊಳವೆ ಇಳಿಸಿ
ಎರಡಾಳುದ್ದದ ಕಪ್ಪು ಮಣ್ಣನ್ನು ಎತ್ತಿ ತರುತ್ತಾಳೆ,
ಅದರೊಳಗಿನ ಪರಾಗ ಎಣಿಸುತ್ತಾಳೆ.
ಆ ಮಣ್ಣು ಏರುವುದು ವರ್ಷಕ್ಕೊಂದು ಮಿಲಿಮೀಟರ್.
ಅದಕ್ಕೆ ಯಾರೂ ಬೇಗ ಬೇಗ ಅನ್ನುವುದಿಲ್ಲ.

ಅವಳ ಭಾಷೆಯಲ್ಲೂ ದೀರ್ಘವಿದೆ:
ಅಕ್ಷರದ ನೆತ್ತಿಯ ಮೇಲೆ ಓರೆಯಾಗಿ ಎಳೆದ ಗೀಟು.
ಫಾದಾ ಅನ್ನುತ್ತಾರೆ, ಉದ್ದ ಎಂದರ್ಥ.
ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಆ ಗೀಟು ಒಗ್ಗದು.
ಗುರುತಿನ ಚೀಟಿಯಲ್ಲಿ ಅವಳು ಹ್ರಸ್ವ.

ಬಾಯಲ್ಲಿ ಮಾತ್ರ ಪ್ಲುತ.
ಊ ಎಂದು ತೊಡಗಿದರೆ
ಹೊಳೆಯಾಚೆಯವರನ್ನು ಕರೆಯುವಂತೆ ಊಊಊ
ದವಡೆ ಬಿಗಿದು, ಕಣ್ಣು ಕಿಟಕಿಗೆ ನೆಟ್ಟು,
ನಾ ಎಂಬ ದಡ ಸಿಗುವವರೆಗೆ.
ಬೇರೆ ಮಾತಿಗಾದರೆ ಬದಲಿ ಮಾತು ಸಿಕ್ಕೀತು,
ಹೆಸರಿಗೆ ಎಲ್ಲಿಂದ ತರುವುದು?
ಕಾಫಿ ಅಂಗಡಿಯಲ್ಲಿ ಮಾತ್ರ
ಹತ್ತು ವರ್ಷದಿಂದ ಅವಳು ಆನ್.

ಪ್ರತಿ ಸೆಪ್ಟೆಂಬರಿಗೂ ಒಂದು ಪತ್ರ ಬೇಕು,
ಇವಳ ತೊದಲು ಇನ್ನೂ ಇದೆ ಎಂದು. ಸಹಿ, ಮೊಹರು.
ಡಾಕ್ಟರ್ ಟೂಹಿ ಅರವತ್ತು ಯೂರೋ ತಗೊಂಡು
ಹೋದ ವರ್ಷದ್ದನ್ನೇ ತಾರೀಕು ಬದಲಿಸಿ ಕೊಡುತ್ತಾರೆ.
ಏನಾದರೂ ಹೊಸತು? ಎಂದು ನಗುತ್ತಾರೆ.
ಇ... ಇದೆ, ಅಂದಳು. ಈ ಸಲ ಅರವತ್ತೈದಾಗಿದೆ.

ಸಹಾಯ ಕಚೇರಿಯ ಡಿಂಪ್ನಾ ಅರ್ಜಿ ತಿರುವಿದಳು.
ಇಳಿಜಾರು ದಾರಿ, ದಪ್ಪಕ್ಷರ, ಸನ್ನೆಭಾಷೆಯವರು,
ಗಂಟೆಗೆ ಹದಿನೈದು ನಿಮಿಷ ಹೆಚ್ಚು,
ಎಲ್ಲಕ್ಕೂ ಒಂದೊಂದು ಚೌಕ.
ಊನಾ ಹಾಳೆ ಎಳೆದುಕೊಂಡು ಅಂಚಿನಲ್ಲಿ ಬರೆದಳು:
ನನ್ನ ವಾಕ್ಯವನ್ನು ಯಾರೂ ಮುಗಿಸಿಕೊಡಬಾರದು.

ಇದಕ್ಕೆ ಚೌಕವೇ ಇಲ್ಲವಲ್ಲ, ಅಂದಳು ಡಿಂಪ್ನಾ.
ಪೆನ್ನಿನ ತುದಿ ಕಚ್ಚಿದಳು.
ಆಮೇಲೆ ಸ್ಕೇಲು ಹುಡುಕಿ ತೆಗೆದು
ಆ ಸಾಲಿನ ಸುತ್ತ ಒಂದು ಚೌಕ ಎಳೆದಳು.

ಎಲ್ಲರಿಗಿಂತ ಹೆಚ್ಚು ಮುಗಿಸಿಕೊಟ್ಟವರು ಗೈಡ್ ಗ್ಯಾರವನ್.
ಒಳ್ಳೆಯವರು. ಅದೇ ತೊಂದರೆ.
ಎಡವಿದವರ ತೋಳು ಹಿಡಿಯುವಂತೆ ಮಾತು ಹಿಡಿಯುತ್ತಾರೆ.
ಅವಳು ಪೈ ಅಂದರೆ ಅವರು ಪೈನ್ ಅನ್ನುವರು,
ಅವಳು ಹೇಳಹೊರಟದ್ದು ಪೈಪು.
ದಣಿದು ಎಷ್ಟೋ ಸಲ ಹೂಂ ಅಂದಿದ್ದಾಳೆ.
ಪ್ರಬಂಧದಲ್ಲಿ ಹಾಗೆ ಎಷ್ಟು ಮರ ಬೆಳೆದವೋ.

ಮೌಖಿಕ ಪರೀಕ್ಷೆ. ಮಾರ್ಚ್, ಮೂರನೆಯ ಮಹಡಿ.
ದಾಖಲೆಗಾಗಿ ನಿಮ್ಮ ಹೆಸರು ಹೇಳಿ, ಅಂದರು ಅಧ್ಯಕ್ಷೆ.
ಹೆಸರು ಅವರೆದುರಿನ ಹಾಳೆಯಲ್ಲೇ ಇತ್ತು.

ಊ

ಹೀಟರು ಟಿಕ್ಕೆಂದಿತು.
ಬರ್ಗೆನ್ನಿನಿಂದ ಬಂದ ಪರೀಕ್ಷಕ ಕೈ ಕಟ್ಟಿ ಕೂತಿದ್ದ,
ಕನ್ನಡಕ ಒರೆಸಲಿಲ್ಲ, ಗಡಿಯಾರ ನೋಡಲಿಲ್ಲ.
ಗ್ಯಾರವನ್ ತುಟಿ ತೆರೆದರು.
ಮೇಜಿನ ಮೇಲಿನ ಚೌಕ ಕಂಡಿತು. ಮುಚ್ಚಿದರು.
ಕಿಟಕಿಯಾಚೆ ಒಂದು ಕಡಲಹಕ್ಕಿ ಬಂದು ಹೋಯಿತು, ಇನ್ನೊಂದು ಬಂತು.
ನಾಲ್ಕು ಜನ ಒಂದೇ ಸ್ವರದ ಮೇಲೆ ಕೂತಿದ್ದರು,
ರೈಲ್ವೆ ಗೇಟಿನಲ್ಲಿ ನಿಂತ ಗಾಡಿಗಳ ಹಾಗೆ.

ನಾ.

ಆಮೇಲೆ ಎರಡು ಗಂಟೆ ಬರೀ ಪರಾಗದ ಮಾತು.
ತೊಂಬತ್ತನೆಯ ಪುಟದ ಲೆಕ್ಕ ತಪ್ಪು, ಅಂದ ಬರ್ಗೆನ್ನಿನವನು.
ಒಪ್ಪುವುದಿಲ್ಲ ಎನ್ನಲು ಅವಳಿಗೆ ಆರು ನಿಮಿಷ ಹಿಡಿಯಿತು.
ಆರೂ ನಿಮಿಷ ಕೇಳಿಸಿಕೊಂಡು,
ಆದರೂ ತಪ್ಪೇ, ಅಂದ.
ತಪ್ಪೇ ಇತ್ತು. ಅವಳಿಗೆ ಎಂಥದೋ ಖುಷಿಯಾಯಿತು.

ಕೆಳಗೆ ಕಾಫಿ ಅಂಗಡಿ.
ಹುಡುಗ ಲೋಟ ಹಿಡಿದು, ಮಾರ್ಕರ್ ಎತ್ತಿ: ಹೆಸರು?
ಹಿಂದೆ ಐದು ಜನ.
ಆನ್ ಎಂಬುದು ನಾಲಗೆಯ ತುದಿಗೇ ಬಂದು ನಿಂತಿತ್ತು,
ಬಾಗಿಲಲ್ಲಿ ಒರಗಿಸಿಟ್ಟ ಹಳೆಯ ಕೊಡೆಯಂತೆ.
ಅದನ್ನು ಅಲ್ಲೇ ಬಿಟ್ಟು
ಊ ಎಂದು ಹೊರಟಳು.
ಸಾಲಿನಲ್ಲಿ ಯಾರೋ ಕೆಮ್ಮಿದರು. ಹಾಲಿನ ನೊರೆ ಇಳಿಯಿತು.
ಹುಡುಗನಿಗೆ ಯಾವ ಕಚೇರಿಯಿಂದಲೂ ಪತ್ರ ಬಂದಿರಲಿಲ್ಲ,
ಎತ್ತಿದ ಕೈ ಎತ್ತಿದಂತೆಯೇ ಇತ್ತು.

ಲೋಟದ ಮೇಲೆ ಗೀಟು ಬಿಟ್ಟುಹೋಗಿತ್ತು.
ಮಾರ್ಕರ್ ಇಸಕೊಂಡು ಅವಳೇ ಎಳೆದಳು.