ನೆಲ ಡೊಂಕು

ಶನಿವಾರ, ಬೆಳಿಗ್ಗೆ ಒಂಬತ್ತು. ಡರ್ಬಿಯ ಕಾರ್ ಪಾರ್ಕಿನಲ್ಲಿ
ಹದಿಮೂರು ಜನ, ಹದಿಮೂರು ಸೈಕಲ್ಲು.
ರಿಂಗರೂಮಾ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ.
ಅರ್ಜಿಯಲ್ಲಿ ಎಲ್ಲರೂ ಗುರುತು ಹಾಕಿದ್ದು ಒಂದೇ ಚೌಕಕ್ಕೆ:
ಮಧ್ಯಮ.

ಮಾನವೂ ಉಳಿಯಬೇಕು, ಮೂಳೆಯೂ ಉಳಿಯಬೇಕು,
ಅಷ್ಟೇ ಅದರ ಅರ್ಥ.

ಅವರ ಸೈಕಲ್ಲು ನಾನು ನೋಡುವುದಿಲ್ಲ. ಮೊಣಕಾಲ ಕವಚವನ್ನೂ.
ಹತ್ತು ಸಾವಿರ ಡಾಲರಿನದನ್ನು ಬಾಣಂತಿಯಂತೆ
ಕಾರಿನಿಂದ ಇಳಿಸಿಕೊಳ್ಳುವವರನ್ನು ಕಂಡು
ಒಳಗೊಳಗೇ ನಕ್ಕದ್ದುಂಟು, ಮೊದಲ ವರ್ಷ.
ಈಗ ಇಷ್ಟೇ ಹೇಳುತ್ತೇನೆ: ಆ ಕಸದ ಡಬ್ಬಿಯಿಂದ ಈ ಬೇಲಿಯ ತನಕ
ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನ ಬನ್ನಿ.
ಕಾಲು ಊರಬಾರದು. ಕೊನೆಗೆ ಬಂದವರೇ ಮೊದಲು.

ಆಗ ಕಾಣುತ್ತದೆ.
ಬ್ರೇಕಿನ ಮೇಲೆ ಒಂದೇ ಬೆರಳೋ, ನಾಲ್ಕೂ ಇವೆಯೋ.
ಮೊಣಕೈ ಬಿಚ್ಚಿದೆಯೋ, ಪಕ್ಕೆಗೆ ಅಂಟಿದೆಯೋ.
ಕಣ್ಣು ಬೇಲಿಯ ಕಡೆಗೋ, ಮುಂದಿನ ಚಕ್ರದ ಮೇಲೋ.
ಚಕ್ರವನ್ನೇ ನೋಡುವವರು
ಚಕ್ರ ಹೋದಲ್ಲಿಗೆ ಹೋಗುತ್ತಾರೆ.

ರಾಣೆಬೆನ್ನೂರಿನ ಸ್ಟೇಷನ್ ರೋಡಿನಲ್ಲಿ
ಗಂಟೆಗೆ ಐವತ್ತು ಪೈಸೆಯ ಬಾಡಿಗೆ ಸೈಕಲ್ಲಿನ ಕಾಲಕ್ಕೆ
ನಮಗೂ ದರ್ಜೆಗಳಿದ್ದವು, ಅರ್ಜಿ ಇರಲಿಲ್ಲ:
ಒಳಪೆಡ್ಲು. ಬಾರು. ಸೀಟು. ಡಬಲ್ಸ್.
ಮೌಲಾಸಾಬರು ಅಂಗಡಿಯ ಕಟ್ಟೆಯ ಮೇಲಿಂದಲೇ ಒಮ್ಮೆ ನೋಡಿ
ಯಾರಿಗೆ ಯಾವುದೆಂದು ಬೆರಳು ತೋರಿಸುತ್ತಿದ್ದರು.
ನನಗೆ ಎರಡು ವರ್ಷ ಬ್ರೇಕಿಲ್ಲದ್ದನ್ನೇ ಕೊಟ್ಟರು.
ಯಾಕೆ ಅಂದೆ.
"ನೀ ಹೆದರ್ತಿ. ಹೆದರೋರ ಕೈಯಾಗ ಬ್ರೇಕ್ ಕೊಟ್ರ ಬೀಳ್ತಾರ."
ಅದು ವಿದ್ಯೆಯೋ, ಕೆಟ್ಟ ಸೈಕಲ್ಲು ಸಾಗಹಾಕುವ ಉಪಾಯವೋ
ಇವತ್ತಿಗೂ ತಿಳಿದಿಲ್ಲ.

ಇಲ್ಲಿ ಹಾದಿಗೊಂದು ಕಂಬ, ಕಂಬಕ್ಕೊಂದು ಗುರುತು:
ಹಸಿರು ವೃತ್ತ, ನೀಲಿ ಚೌಕ,
ಇಸ್ಪೀಟಿನಲ್ಲಿ ಇಲ್ಲದ ಕಪ್ಪು ಡೈಮಂಡು.
ಹಾದಿಗೆ ದರ್ಜೆ ಕೊಡುವುದು ಸುಲಭ. ಬಂಡೆಯ ಎತ್ತರಕ್ಕೆ ಟೇಪು ಹಿಡಿಯಬಹುದು.
ಮಳೆಯ ಮಾರನೆಯ ದಿನ ಮಾತ್ರ ನೀಲಿ ಕಪ್ಪಾಗುತ್ತದೆ,
ಬೋರ್ಡು ಹಾಗೇ ಇರುತ್ತದೆ.

ಹೋದ ಮಾರ್ಚಿನಲ್ಲಿ ಗ್ರೇಮ್ ಪ್ಯಾಸ್ಕೋ ಅಂತ ಒಬ್ಬರು,
ಲಾನ್ಸೆಸ್ಟನ್ನಿನ ಪ್ಲಂಬರು, ಐವತ್ತೆಂಟು ವಯಸ್ಸು.
ಮೂರು ಸಲವೂ ಎಲ್ಲರಿಗಿಂತ ಹಿಂದೆ,
ನೀರಲ್ಲಿ ನಿಂತ ಕೊಕ್ಕರೆಯ ಹಾಗೆ ಬಂದರು.
ಕಪ್ಪಿನ ಗುಂಪಿಗೆ ಹಾಕಿದೆ.
ಅವರು ಏನೂ ಅನ್ನಲಿಲ್ಲ.
ಅನ್ನದೇ ಇದ್ದದ್ದು ನನಗೆ ಕೇಳಿಸಬೇಕಿತ್ತು.

ಎರಡನೆಯ ಬಂಡೆಯ ನೆತ್ತಿಯಲ್ಲಿ, ಆಳೆತ್ತರದ ಜರಿಗಿಡಗಳ ನಡುವೆ
ಇಳಿದು ನಿಂತುಬಿಟ್ಟರು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಬೆರಳು ಕೂಡುತ್ತಿಲ್ಲ.
ಕೈಗೆ ಬರುತ್ತದೆ, ಅಂದರು,
ನನಗೆ ಬರುವುದಿಲ್ಲ.

ಸೈಕಲ್ಲು ತಳ್ಳಿಕೊಂಡು ಇಳಿದೆವು ಇಬ್ಬರೂ, ಒಂದೂವರೆ ಗಂಟೆ,
ಹಳೆಯ ತವರದ ಗಣಿಯ ಪಕ್ಕದಲ್ಲಿ.
ದಾರಿಯುದ್ದಕ್ಕೂ ಪೈಪಿನ ಮಾತು:
ಯಾವ ಜೋಡಣೆ ಸೋರುತ್ತದೆಂದು
ಮೂವತ್ತು ವರ್ಷ ಮಾಡಿದರೂ ನೋಡಿ ಹೇಳಲಾಗದಂತೆ,
ನೀರು ಬಿಟ್ಟ ಮೇಲೆಯೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಗಾದೆ ಕಟ್ಟಿದವರು ಈ ಊರಿಗೆ ಬಂದಿರಲಿಲ್ಲ.
ಇಲ್ಲಿ ನೆಲ ಡೊಂಕೇ. ಗುದ್ದಲಿ ಹಿಡಿದು
ಕಾಸು ಸುರಿದು ನಾವೇ ಡೊಂಕು ಮಾಡಿದ್ದೇವೆ,
ಆ ಡೊಂಕಿಗೇ ಟಿಕೆಟ್ಟಿಟ್ಟ ಹಾಗೆ
ದೂರದಿಂದ ಬರುತ್ತಾರೆ ಜನ.
ಆದರೂ ಬಿದ್ದವರು ಯಾರೂ ಈವರೆಗೆ
ನೆಲವನ್ನು ಬೈದದ್ದು ಕೇಳಿಲ್ಲ. ಟೈರಿನ ಗಾಳಿಯನ್ನು ಬೈಯುತ್ತಾರೆ.

ಪಟ್ಟಿಯನ್ನು ಈಗ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ.

ಹದಿಮೂರನೆಯವಳು, ಅಣ್ಣನ ಸೈಕಲ್ಲು, ಸೀಟು ತೀರಾ ಎತ್ತರ.
ಕಸದ ಡಬ್ಬಿ ದಾಟಿ ನಾಲ್ಕು ಮಾರು ಬಂದು
ಧೊಪ್ಪನೆ ಬಿದ್ದಳು.
ಬೀಳುವಾಗಲೂ ಕಣ್ಣು ಬೇಲಿಯ ಮೇಲೆಯೇ ಇತ್ತು.
ಹಸಿರು, ಅಂತ ಬರೆದೆ.
ಮೊಣಕೈ ಒರೆಸಿಕೊಂಡು ಅವಳು ಹಿಂದಕ್ಕೆ ಹೋದಳು,
ಯಾರೂ ಹೇಳದೆ, ಮತ್ತೆ ಡಬ್ಬಿಯ ಹತ್ತಿರಕ್ಕೆ.
ಪೆನ್ಸಿಲ್ಲು ಕಿವಿಯ ಹಿಂದೆ ಸಿಕ್ಕಿಸಿ
ನಿಂತುಕೊಂಡೆ.